ಗಡಿಯಲ್ಲಿ ಬೆರಳಚ್ಚು: ಭದ್ರತೆಯ ಅಗತ್ಯ, ಘನತೆಯ ಪ್ರಶ್ನೆ

ಪರದೇಶಕ್ಕೆ ಹೋದವರ ಪಾಸ್‌ಪೋರ್ಟಿನ ಮೇಲೆ ಗಡಿಯ ಅಧಿಕಾರಿಯು ಮುದ್ರೆ ಒತ್ತುವ ಪದ್ಧತಿ ಯುರೋಪಿನಲ್ಲಿ ಮುಗಿಯುತ್ತಿದೆ. 2025ರ ಅಕ್ಟೋಬರ್ 12ರಂದು ಷೆಂಗೆನ್ ವಲಯದ 29 ರಾಷ್ಟ್ರಗಳು ‘ಪ್ರವೇಶ–ನಿರ್ಗಮನ ವ್ಯವಸ್ಥೆ’ಯನ್ನು ಆರಂಭಿಸಿದವು. ಇದನ್ನು ಹಂತಹಂತವಾಗಿ ವಿಸ್ತರಿಸಿ 2026ರ ಏಪ್ರಿಲ್ 10ರ ಹೊತ್ತಿಗೆ ಎಲ್ಲ ಗಡಿಗಳಲ್ಲಿಯೂ ಜಾರಿಗೊಳಿಸುವುದು ಅಲ್ಲಿನ ಆಡಳಿತದ ಸಂಕಲ್ಪವಾಗಿತ್ತು. ಇನ್ನು ಮುಂದೆ ಪ್ರಯಾಣಿಕನ ಗುರುತಿಗೆ ಸಾಕ್ಷಿಯಾಗುವುದು ಅವನ ಮುಖ ಮತ್ತು ಬೆರಳುಗಳು. ಅಮೆರಿಕವೂ ಇದೇ ದಾರಿಯಲ್ಲಿ ಮುಂದುವರಿದಿದ್ದು, ಪರದೇಶೀಯರೆಲ್ಲರ ಮುಖಚಿತ್ರವನ್ನು ಬರುವಾಗಲೂ ಹೋಗುವಾಗಲೂ ತೆಗೆಯುವ ನಿಯಮವನ್ನು 2025ರ ಡಿಸೆಂಬರ್ 26ರಿಂದ ಜಾರಿಗೆ ತಂದಿದೆ.

ಇದು ದೂರದ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಭಕ್ತ ಕುಟುಂಬಗಳಲ್ಲಿ ಅನೇಕರ ಮಕ್ಕಳು ವಿದ್ಯೆಗಾಗಿ, ಉದ್ಯೋಗಕ್ಕಾಗಿ ಹೊರನಾಡು ಸೇರಿದ್ದಾರೆ. ಮಗಳ ಬಾಣಂತನಕ್ಕೆಂದೋ, ಮೊಮ್ಮಕ್ಕಳ ಮುಖ ನೋಡಲೆಂದೋ ಹಳ್ಳಿಯಲ್ಲಿ ಬಾಳಿದ ಹಿರಿಯರು ಮೊದಲ ಬಾರಿಗೆ ವಿಮಾನ ಏರುತ್ತಾರೆ. ಭಾಷೆ ಬಾರದ ನೆಲದಲ್ಲಿ, ಗಾಜಿನ ಪಟ್ಟಿಯ ಮೇಲೆ ಬೆರಳಿಟ್ಟು ನಿಲ್ಲುವ ಆ ಹಿರಿಯರ ಸ್ಥಿತಿಯಿಂದಲೇ ಈ ವ್ಯವಸ್ಥೆಯನ್ನು ನಾವು ಅಳೆಯಬೇಕಾಗಿದೆ.

ಮೊದಲಿಗೆ ಅದರ ಕಾರ್ಯವಿಧಾನವನ್ನು ಅರಿಯೋಣ. ಅಲ್ಪಾವಧಿಗೆ ಯುರೋಪಿಗೆ ಬರುವ ಪರದೇಶೀಯರ ಮುಖಚಿತ್ರ ಮತ್ತು ನಾಲ್ಕು ಬೆರಳುಗಳ ಅಚ್ಚು ಹೊಸ ವ್ಯವಸ್ಥೆಯಲ್ಲಿ ದಾಖಲಾಗುತ್ತವೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಂದ ಬೆರಳಚ್ಚು ಪಡೆಯುವುದಿಲ್ಲ. ವೀಸಾ ಬೇಕಾದ ದೇಶದವರಾದ ಭಾರತೀಯರಾದರೋ ಅರ್ಜಿ ಸಲ್ಲಿಸುವಾಗಲೇ ಹತ್ತೂ ಬೆರಳುಗಳ ಅಚ್ಚು ಕೊಟ್ಟಿರುತ್ತಾರೆ. ನಮ್ಮ ದೇಶದಲ್ಲಿ ಷೆಂಗೆನ್ ವೀಸಾಕ್ಕೆ ಈ ಕ್ರಮ ಬಂದದ್ದು 2015ರ ನವೆಂಬರ್‌ನಲ್ಲಿ. ಆದ್ದರಿಂದ ಗಡಿಯಲ್ಲಿ ಅವರ ಮುಖಚಿತ್ರ ಮಾತ್ರ ಹೊಸದಾಗಿ ದಾಖಲಾಗುತ್ತದೆ. ಬೆರಳನ್ನು ಹಳೆಯ ಅಚ್ಚಿನೊಂದಿಗೆ ತಾಳೆ ನೋಡಲಾಗುತ್ತದೆ. 180 ದಿನಗಳಲ್ಲಿ 90 ದಿನಗಳಿಗಿಂತ ಹೆಚ್ಚು ಉಳಿಯಬಾರದೆಂಬ ನಿಯಮದ ಲೆಕ್ಕವನ್ನು ಇನ್ನು ಯಂತ್ರವೇ ಇಡುತ್ತದೆ. ಅಚ್ಚು ಕೊಡಲು ಒಪ್ಪದವರಿಗೆ ಪ್ರವೇಶವಿಲ್ಲ.

ಅಮೆರಿಕವು 2004ರಲ್ಲಿ ಎರಡು ಬೆರಳುಗಳಿಂದ ಆರಂಭಿಸಿ ಕೆಲವೇ ವರ್ಷಗಳಲ್ಲಿ ಹತ್ತು ಬೆರಳುಗಳಿಗೆ ಬಂದಿತು. ಜಪಾನ್ 2007ರ ನವೆಂಬರ್‌ನಲ್ಲಿ ಹದಿನಾರು ವರ್ಷ ಮೀರಿದ ಪರದೇಶೀಯರಿಂದ ಬೆರಳಚ್ಚು ಪಡೆಯತೊಡಗಿತು. ಸಂಯುಕ್ತ ಅರಬ್ ಸಂಸ್ಥಾನವು ಅವೆರಡಕ್ಕೂ ಮೊದಲೇ ಕಣ್ಣಿನ ಪಾಪೆಯನ್ನು ಪರೀಕ್ಷಿಸುವ ವಿಧಾನವನ್ನು ತಂದಿತ್ತು. ಹೀಗೆ ಎರಡು ದಶಕಗಳಲ್ಲಿ ಮಾನವದೇಹವೇ ಗಡಿಯ ರಹದಾರಿಯಾಗಿ ಮಾರ್ಪಟ್ಟಿದೆ.

ಬೆರಳಚ್ಚಿನ ಚರಿತ್ರೆಗೂ ಭಾರತಕ್ಕೂ ಇರುವ ನಂಟು ಬಹಳ ಹಳೆಯದು. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿಯು ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈಯ ಅಚ್ಚು ಪಡೆದನು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಾರ್ಯಾಲಯ ಸ್ಥಾಪನೆಯಾಯಿತು. ಅಚ್ಚುಗಳನ್ನು ವಿಂಗಡಿಸುವ ಪದ್ಧತಿಗೆ ಎಡ್ವರ್ಡ್ ಹೆನ್ರಿಯ ಹೆಸರು ಬಂದರೂ ಅದರ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಭಾರತೀಯರ ಶ್ರಮವಿತ್ತು. ಆಳುವವರು ಆಳಿಸಿಕೊಳ್ಳುವವರ ಮಾತನ್ನು ನಂಬದಿದ್ದಾಗ ಬೆರಳನ್ನು ನಂಬಿದರು ಎಂಬುದೇ ಈ ವಿದ್ಯೆಯ ಹುಟ್ಟು.

ಅದು ವಲಸಿಗರ ಕಡೆ ತಿರುಗಿದುದು ದಕ್ಷಿಣ ಆಫ್ರಿಕಾದಲ್ಲಿ. ಟ್ರಾನ್ಸ್‌ವಾಲ್ ಸರ್ಕಾರವು 1906ರಲ್ಲಿ ಎಂಟು ವರ್ಷ ಮೀರಿದ ಏಷ್ಯನ್ನರೆಲ್ಲರೂ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಸುಗ್ರೀವಾಜ್ಞೆಯನ್ನು ಮುಂದಿಟ್ಟಿತು. ಆ ವರ್ಷದ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ನಾಟಕಶಾಲೆಯಲ್ಲಿ ಭಾರತೀಯರು ಅದಕ್ಕೆ ತಲೆಬಾಗೆವೆಂದು ಪ್ರತಿಜ್ಞೆ ಮಾಡಿದರು. ಸತ್ಯಾಗ್ರಹದ ಜನನ ಅಲ್ಲಿಯೇ ಆಯಿತು. 1908ರ ಆರಂಭದಲ್ಲಿ ಒಪ್ಪಂದವೊಂದು ಏರ್ಪಟ್ಟು, ನೋಂದಣಿ ಸ್ವಇಚ್ಛೆಯದಾದಾಗ ಗಾಂಧೀಜಿಯವರು ತಾವೇ ಬೆರಳಚ್ಚು ಕೊಡಲು ಮುಂದಾದರು. ಇದರಿಂದ ಕೆರಳಿದ ಸ್ವಜನರಿಂದಲೇ ಪೆಟ್ಟು ತಿಂದರು. ಕಾಯ್ದೆ ರದ್ದಾಗದೆ ಉಳಿದಾಗ ಅದೇ ವರ್ಷದ ಆಗಸ್ಟ್ 16ರಂದು ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಪತ್ರಗಳನ್ನು ಬೆಂಕಿಗೆ ಹಾಕಲಾಯಿತು. ಬೆರಳಚ್ಚು ಅದೇ, ಕೊಟ್ಟವರೂ ಅವರೇ. ಒಂದು ಜನಾಂಗವನ್ನೇ ಕಳ್ಳರೆಂದು ಬಗೆದು ಕೇಳಿದಾಗ ಅದು ಅವಮಾನವಾಯಿತು. ಮಾತಿನ ಮೇಲೆ ವಿಶ್ವಾಸವಿಟ್ಟು ಕೇಳಿದಾಗ ಸಹಕಾರವಾಯಿತು.

ಇಂದಿನ ವ್ಯವಸ್ಥೆಯನ್ನು ಟ್ರಾನ್ಸ್‌ವಾಲಿನ ಕಾಯ್ದೆಗೆ ಸರಿಸಮ ಎನ್ನುವುದು ನ್ಯಾಯವಲ್ಲ. ಯುರೋಪಿನ ನಿಯಮ ಬ್ರಿಟನ್ನಿನವರಿಗೂ ಅಮೆರಿಕನ್ನರಿಗೂ ನಮಗೂ ಅನ್ವಯಿಸುತ್ತದೆ. ಚರ್ಮದ ಬಣ್ಣವನ್ನು ಅದು ಕೇಳುವುದಿಲ್ಲ. ಮತ್ತೊಬ್ಬರ ಪಾಸ್‌ಪೋರ್ಟ್ ಹಿಡಿದು ಗಡಿ ದಾಟುವವರನ್ನು, ಮಾನವ ಸಾಗಣೆಯ ಜಾಲಗಳನ್ನು ತಡೆಯಲು ಇದು ನೆರವಾಗಬಲ್ಲದು. ಒಂದೇ ಹೆಸರಿನ ಇಬ್ಬರಲ್ಲಿ ಯಾರು ತಪ್ಪಿತಸ್ಥರೆಂದು ತಿಳಿಯದೆ ನಿರಪರಾಧಿಯನ್ನು ತಡೆದು ನಿಲ್ಲಿಸುವ ಪ್ರಮಾದವನ್ನೂ ಇದು ತಪ್ಪಿಸಬಲ್ಲದು. ತನ್ನ ಗಡಿಯೊಳಗೆ ಬರುವವರು ಯಾರೆಂದು ತಿಳಿಯುವ ಹಕ್ಕು ಪ್ರತಿಯೊಂದು ರಾಷ್ಟ್ರಕ್ಕೂ ಇದೆ ಎಂಬುದನ್ನು ನಾವು ಒಪ್ಪುತ್ತೇವೆ.

ಆದರೆ ಯಂತ್ರಕ್ಕೆ ಬೆರಳು ಕಾಣಬೇಕಲ್ಲ! ಹೊಲದಲ್ಲಿ ಕಳೆ ಕಿತ್ತ, ಕಲ್ಲು ಒಡೆದ, ಸಿಮೆಂಟು ಕಲಸಿದ, ಬದುಕೆಲ್ಲ ಪಾತ್ರೆ ತಿಕ್ಕಿದ ಕೈಗಳಲ್ಲಿ ಗೆರೆಗಳು ಸವೆದಿರುತ್ತವೆ. ವೃದ್ಧಾಪ್ಯದಲ್ಲಿ ಚರ್ಮ ಒಣಗಿ ಅಚ್ಚು ಮಸುಕಾಗುತ್ತದೆ. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಹೊಂದದೆ ಹಿಂದಿರುಗಿದವರ ಕಷ್ಟ ನಮ್ಮ ನಾಡಿಗೆ ಹೊಸದಲ್ಲ. ರೋಗದ ಚಿಕಿತ್ಸೆಯಿಂದಲೂ ಹೀಗಾಗಬಹುದು. ಕೇಪಸಿಟಬೀನ್ ಎಂಬ ಕ್ಯಾನ್ಸರ್ ಔಷಧವನ್ನು ಸೇವಿಸುತ್ತಿದ್ದ ಸಿಂಗಪುರದ ಹಿರಿಯರೊಬ್ಬರ ಬೆರಳಚ್ಚು ಅಳಿಸಿಹೋಗಿ, ಅಮೆರಿಕದ ವಿಮಾನ ನಿಲ್ದಾಣದಲ್ಲಿ ಅವರನ್ನು ನಾಲ್ಕು ಗಂಟೆ ತಡೆದಿದ್ದನ್ನು 2009ರಲ್ಲಿ ವೈದ್ಯಕೀಯ ಪತ್ರಿಕೆಯೊಂದು ವರದಿ ಮಾಡಿತ್ತು. ಮುಖ ಗುರುತಿಸುವ ತಂತ್ರಾಂಶಗಳೂ ದೋಷಮುಕ್ತವಲ್ಲ. ಅಮೆರಿಕದ ಮಾನಕ ಸಂಸ್ಥೆಯೇ 2019ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಅನೇಕ ತಂತ್ರಾಂಶಗಳು ಬಿಳಿಯರಿಗಿಂತ ಏಷ್ಯನ್ನರ ಮತ್ತು ಆಫ್ರಿಕನ್ ಮೂಲದವರ ಮುಖಗಳನ್ನು ಹೆಚ್ಚಾಗಿ ತಪ್ಪು ಗುರುತಿಸಿದ್ದು ಕಂಡುಬಂತು. ಕಾಯಕದಿಂದ ಸವೆದ ಬೆರಳು ಸಂಶಯಕ್ಕೆ ಕಾರಣವಾಗುವುದಾದರೆ ಆ ವ್ಯವಸ್ಥೆಯಲ್ಲಿ ತಿದ್ದುವ ಕೆಲಸ ಇನ್ನೂ ಬಾಕಿ ಇದೆಯೆಂದೇ ಅರ್ಥ.

ಎರಡನೆಯ ಪ್ರಶ್ನೆ, ಈ ಮಾಹಿತಿ ಎಷ್ಟು ಕಾಲ, ಯಾರ ಕೈಯಲ್ಲಿ ಇರುತ್ತದೆ ಎಂಬುದು. ಯುರೋಪಿನ ಹೊಸ ವ್ಯವಸ್ಥೆಯು ಪ್ರಯಾಣಿಕನು ಹೊರಟುಹೋದ ಮೇಲೆ ಮೂರು ವರ್ಷ, ನಿರ್ಗಮನ ದಾಖಲಾಗದಿದ್ದರೆ ಐದು ವರ್ಷ ಮಾಹಿತಿಯನ್ನು ಇಟ್ಟುಕೊಳ್ಳುತ್ತದೆ. ಅಮೆರಿಕವು ಪರದೇಶೀಯರ ಮುಖಚಿತ್ರಗಳನ್ನು 75 ವರ್ಷಗಳವರೆಗೆ ಉಳಿಸಿಕೊಳ್ಳಬಲ್ಲದು. ಅಂದರೆ ಇಂದು ತಾಯಿಯ ಕಂಕುಳಲ್ಲಿ ಗಡಿ ದಾಟಿದ ಕೂಸಿನ ಚಿತ್ರ ಅದರ ಮುಪ್ಪಿನವರೆಗೂ ಅಲ್ಲಿಯೇ ಇರಬಹುದು. ಗಡಿಗೆಂದು ಕೂಡಿಟ್ಟ ಮಾಹಿತಿಯನ್ನು ಗಂಭೀರ ಅಪರಾಧಗಳ ತನಿಖೆಗೆ ಪೊಲೀಸರೂ ಬಳಸಲು ಯುರೋಪಿನ ಕಾನೂನು ಅವಕಾಶ ನೀಡಿದೆ. ಭಂಡಾರ ದೊಡ್ಡದಾದಷ್ಟೂ ಕಳ್ಳರ ಕಣ್ಣೂ ದೊಡ್ಡದಾಗುತ್ತದೆ. 2015ರಲ್ಲಿ ಅಮೆರಿಕದ ಸಿಬ್ಬಂದಿ ಆಡಳಿತ ಕಚೇರಿಯಿಂದಲೇ 56 ಲಕ್ಷ ಜನರ ಬೆರಳಚ್ಚುಗಳು ಕಳುವಾದವು. ಕಳುವಾದ ಗುಪ್ತಪದವನ್ನು ಬದಲಿಸಬಹುದು, ಬೆರಳನ್ನು ಬದಲಿಸಲಾಗದು.

ನಮ್ಮ ದೇಶವೂ ಇದೇ ಪಥದಲ್ಲಿದೆ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯು ವಿದೇಶಿಯರಿಂದ ಬಯೊಮೆಟ್ರಿಕ್ ಮಾಹಿತಿ ಪಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಭಾರತೀಯ ನಾಗರಿಕರಿಗೂ ಸಾಗರೋತ್ತರ ಭಾರತೀಯ ಕಾರ್ಡ್ ಉಳ್ಳವರಿಗೂ ಸ್ವಇಚ್ಛೆಯ ತ್ವರಿತ ವಲಸೆ ತಪಾಸಣೆ ಯೋಜನೆಯು 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಆರಂಭವಾಗಿ, 2025ರ ಜನವರಿಯಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಬಂದಿದೆ. ಒಮ್ಮೆ ಬೆರಳಚ್ಚು ಮತ್ತು ಮುಖಚಿತ್ರ ಕೊಟ್ಟು ನೋಂದಾಯಿಸಿದವರು ಸರತಿಯಲ್ಲಿ ನಿಲ್ಲದೆ ವಿದ್ಯುನ್ಮಾನ ದ್ವಾರದ ಮೂಲಕ ಸಾಗಬಹುದು.

ಈ ಸೌಕರ್ಯಕ್ಕೆ ಕಾನೂನಿನ ಕಾವಲು ಬೇಕೆಂಬುದನ್ನು ದೇಶಕ್ಕೆ ನೆನಪಿಸಿದವರು ಕನ್ನಡ ನಾಡಿನ ಹಿರಿಯರೊಬ್ಬರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ಪ್ರಶ್ನಿಸಿ ಹೂಡಿದ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅದರ ಬಳಿಕ 2023ರಲ್ಲಿ ದತ್ತಾಂಶ ಸಂರಕ್ಷಣೆಯ ಕಾಯ್ದೆಯೂ ಬಂದಿತು. ಆದರೆ ಭದ್ರತೆಯ ಕಾರಣಕ್ಕೆ ಸರ್ಕಾರದ ಸಂಸ್ಥೆಗಳಿಗೆ ವಿನಾಯಿತಿ ನೀಡಲು ಅದರಲ್ಲಿ ಅವಕಾಶವಿದೆ. ಹೊರದೇಶಗಳು ನಮ್ಮವರನ್ನು ಗೌರವದಿಂದ ನಡೆಸಿಕೊಳ್ಳಬೇಕೆಂದು ಬಯಸುವ ನಾವು, ನಮ್ಮ ನೆಲಕ್ಕೆ ಬರುವವರಿಗೂ ಅದೇ ಗೌರವವನ್ನು ಕಾನೂನಿನ ಮೂಲಕ ದೊರಕಿಸಬೇಕು.

ಪ್ರಯಾಣಕ್ಕೆ ಹೊರಡುವ ಹಿರಿಯರ ಮಕ್ಕಳಿಗೆ ಕೆಲವು ಸೂಚನೆಗಳನ್ನು ಹೇಳಬಯಸುತ್ತೇವೆ. ಬೆರಳ ತುದಿಯಲ್ಲಿ ಮದರಂಗಿ ಅಥವಾ ಗಾಯವಿದ್ದರೆ ಅಚ್ಚು ಸ್ಪಷ್ಟವಾಗದು. ಒಣಗಿದ ಕೈಗೆ ಕೆಲವು ದಿನ ಮೊದಲಿನಿಂದಲೇ ಎಣ್ಣೆ ಅಥವಾ ಮುಲಾಮು ಹಚ್ಚಿಕೊಳ್ಳುವುದು ಒಳಿತು. ಚಿಕಿತ್ಸೆಯಲ್ಲಿರುವವರು ವೈದ್ಯರ ಪತ್ರವನ್ನು ಜೊತೆಯಲ್ಲಿಟ್ಟುಕೊಳ್ಳಲಿ. ಉಳಿಯಬಹುದಾದ ದಿನಗಳ ಲೆಕ್ಕವನ್ನು ಬರೆದುಕೊಡಿ. ಯಂತ್ರವು ಒಂದು ದಿನದ ಮರೆವನ್ನೂ ಮನ್ನಿಸುವುದಿಲ್ಲ. ಬೆರಳು ಹೊಂದದಿದ್ದರೆ ಗಾಬರಿಯಾಗದೆ ಅಧಿಕಾರಿಯ ನೆರವು ಕೇಳಬಹುದೆಂದು ಮೊದಲೇ ತಿಳಿಸಿ ಧೈರ್ಯ ತುಂಬಿ.

ಗಡಿ ಇರುವವರೆಗೆ ತಪಾಸಣೆಯೂ ಇರುತ್ತದೆ. ಅದು ಎಲ್ಲರಿಗೂ ಸಮನಾಗಿರಲಿ, ಪಡೆದ ಮಾಹಿತಿಗೆ ಕಾಲಮಿತಿಯಿರಲಿ, ಯಂತ್ರ ತಪ್ಪಿದಾಗ ಅಹವಾಲು ಕೇಳಲು ಒಬ್ಬ ಮನುಷ್ಯನಿರಲಿ ಎಂಬುದು ನಮ್ಮ ಆಗ್ರಹ. ಈ ಮೂರೂ ಇದ್ದಲ್ಲಿ ಬೆರಳು ಕೊಡುವವರಿಗೆ ಸಂಕೋಚಪಡಲು ಕಾರಣವಿಲ್ಲ. ಇಲ್ಲದಿದ್ದಲ್ಲಿ ಅದನ್ನು ಕೇಳುವ ಹಕ್ಕು ನಮ್ಮದು, ಕೇಳುವ ಹೊಣೆಯೂ ನಮ್ಮದು.