ತಪ್ಪು ಕೈಯದಲ್ಲ, ಕೋಣೆಯದು



"ಈ ಕನ್ನಡದವರಿಗೆ ಕೆಲಸದ ಮೇಲೆ ಲಕ್ಷ್ಯವೇ ಇಲ್ಲ." ಡಿಚೋಲಿಯ ಕೈಗಾರಿಕಾ ಎಸ್ಟೇಟಿನಲ್ಲಿ ಈ ಮಾತು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಬಾಗಲಕೋಟೆ, ಗದಗ, ವಿಜಯಪುರದ ಕಡೆಯಿಂದ ಹೊಟ್ಟೆಪಾಡಿಗೆ ಬಂದವರು ನಾವು. ಲಕ್ಷ್ಯವಿಲ್ಲದೆ ದುಡಿದಿದ್ದರೆ ಇಷ್ಟು ವರ್ಷ ಇಲ್ಲಿ ಬಾಳುತ್ತಿದ್ದೆವೇ?

ಒಂದು ಶೆಡ್ಡಿನ ಸಂಗತಿ ಹೇಳುತ್ತೇವೆ. ಹೆಸರು ಬೇಡ. ಆಫೀಸು ಮಹಡಿಯ ಮೇಲೆ. ಅಲ್ಲಿ ಏಸಿ, ತಿರುಗುವ ಕುರ್ಚಿ, ನಮ್ಮನ್ನು ನೋಡಲು ದೊಡ್ಡ ಗಾಜು. ಕೆಳಗೆ ಪತ್ರಾಸಿನ ಮಾಡು. ಪ್ಯಾಕಿಂಗ್ ಮೇಜಿನ ಬೆನ್ನಿಗೇ ಕಂಪ್ರೆಸರ್. ಟ್ಯೂಬ್‌ಲೈಟು ಹಿಂದುಗಡೆ, ಎಣಿಸುವವರ ನೆರಳು ಅವರ ಕೈಮೇಲೇ ಬೀಳುತ್ತದೆ. ಕಿಟಕಿ ಇದೆ, ರಟ್ಟಿನ ಪೆಟ್ಟಿಗೆಗಳ ರಾಶಿ ಅದನ್ನು ಮುಚ್ಚಿದೆ. ಕೂರಲು ಸ್ಟೂಲಿಲ್ಲ. ಶೌಚಾಲಯ ದೂರ, ಹೋಗಿಬಂದರೆ ಬೈಗುಳ. ಅದಕ್ಕೇ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಸಂಜೆಗೆ ತಲೆನೋವು, ಉರಿಮೂತ್ರ, ಬಾತ ಕಾಲು. ಎಣಿಕೆ ತಪ್ಪಿದರೆ ಕೂಲಿಯಲ್ಲಿ ಕಡಿತ.

ಯೂನಿಯನ್ನಿನಿಂದ ನಾವು ನಾಲ್ವರು ಹೋಗಿ, ತಪ್ಪು ಯಾವ ಹೊತ್ತಿನಲ್ಲಿ ಆಗುತ್ತದೆಂದು ಕೇಳಿದೆವು. ಪುಸ್ತಕ ತೆರೆದು ನೋಡಿದರೆ ಹೆಚ್ಚಿನವೆಲ್ಲ ಮಧ್ಯಾಹ್ನ 2ರಿಂದ 4ರೊಳಗೆ, ಪತ್ರಾಸು ಕಾದ ಹೊತ್ತಿನಲ್ಲಿ. ಬೆಳಿಗ್ಗೆ ಅದೇ ಹೆಂಗಸರು, ಅದೇ ಕೈಗಳು, ಎಣಿಕೆ ಸರಿ. ಕಡಿತ ನಿಂತಿತು. ಆದರೆ ಮೇಜು ಇನ್ನೂ ಅಲ್ಲೇ ಇದೆ.

ವಿಮೋಚನಾಕಾಂಡದ 5ನೇ ಅಧ್ಯಾಯ ನೆನಪಿಸಿಕೊಳ್ಳಿ. ಫರೋಹನು ಹುಲ್ಲು ಕೊಡುವುದನ್ನು ನಿಲ್ಲಿಸಿದ. ಇಟ್ಟಿಗೆಯ ಲೆಕ್ಕ ಮಾತ್ರ ಇಳಿಸಲಿಲ್ಲ. ಲೆಕ್ಕ ತುಂಬದಾಗ ಜನರನ್ನೇ ಸೋಮಾರಿಗಳೆಂದ. ಇಂದು ಗಾಳಿ, ಬೆಳಕು ಕೊಡದೆ ಲೆಕ್ಕ ಕೇಳುವವರದೂ ಅದೇ ನ್ಯಾಯ. ತಮ್ಮ ಬುದ್ಧಿ ಚುರುಕಾಗಿರಲು ಏಸಿ ಬೇಕೆನ್ನುವವರಿಗೆ ನಮ್ಮ ಬುದ್ಧಿಗೂ ಗಾಳಿ ಬೇಕೆಂದು ತಿಳಿಯದೇ? ಕೆಲಸ ಇರುವುದು ಮನುಷ್ಯನಿಗಾಗಿ, ಮನುಷ್ಯ ಕೆಲಸಕ್ಕಾಗಿ ಅಲ್ಲವೆಂದು ಎರಡನೇ ಜಾನ್ ಪಾಲ್ ಜಗದ್ಗುರುಗಳು 1981ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು.

ಇದು ದಯೆಯ ಮಾತಲ್ಲ, ಕಾನೂನಿನ ಮಾತು. 1948ರ ಕಾರ್ಖಾನೆ ಕಾಯ್ದೆ ಗಾಳಿ, ಬೆಳಕು, ಕುಡಿಯುವ ನೀರು, ಶೌಚಾಲಯ, ನಿಂತು ದುಡಿಯುವವರಿಗೆ ಆಸನ ಎಲ್ಲವನ್ನೂ ವಿಧಿಸಿತ್ತು. ಅದರ ಜಾಗಕ್ಕೆ 2025ರ ನವೆಂಬರ್ 21ರಿಂದ ಬಂದಿರುವ ಹೊಸ ಸಂಹಿತೆಯೂ ಈ ಹೊಣೆಯನ್ನು ಮಾಲೀಕನ ಮೇಲೆಯೇ ಇಟ್ಟಿದೆ. ಹಳೆಯ ಕಾಯ್ದೆಯ ಅಳತೆ ನಮಗೆ ಈಗಲೂ ಒಳ್ಳೆಯ ಗಜಕಡ್ಡಿ: ಆಳೊಬ್ಬರಿಗೆ 14.2 ಘನ ಮೀಟರ್, ಎತ್ತರದಲ್ಲಿ 4.2 ಮೀಟರಿಗಿಂತ ಮೇಲಿನದು ಲೆಕ್ಕಕ್ಕಿಲ್ಲ. 10 ಮೀಟರ್ ಉದ್ದ, 6 ಮೀಟರ್ ಅಗಲ, 4.2 ಮೀಟರ್ ಎತ್ತರದ ಕೋಣೆಗೆ 17 ಜನ, ಅಷ್ಟೇ. ನಿಮ್ಮ ಕೋಣೆಯಲ್ಲಿ ಎಷ್ಟು ಜನರಿದ್ದೀರಿ, ಎಣಿಸಿ ನೋಡಿ.

ಖರ್ಚಾಗುತ್ತದೆ ಎನ್ನುತ್ತಾರೆ. ಮೇಜನ್ನು ಕಿಟಕಿಯ ಬಳಿಗೆ ಸರಿಸಲು ಏನು ಖರ್ಚು? ಪೆಟ್ಟಿಗೆ ಬೇರೆಡೆ ಇಡಲು? ನಾಲ್ಕು ಸ್ಟೂಲಿಗೆ? ಕಂಪ್ರೆಸರನ್ನು ಗೋಡೆಯಾಚೆ ಹಾಕಲು ಒಮ್ಮೆ ದುಡ್ಡು ಬೇಕು, ನಿಜ. ಕಿವಿ ಹೋದರೆ ಎಷ್ಟು ದುಡ್ಡಿಗೂ ಮರಳಿ ಬಾರದು.

ನಮ್ಮ ತಪ್ಪೂ ಇದೆ. ಕಂತ್ರಾಟುದಾರನಿಗೆ ಹೆದರಿ ಬಾಯಿ ಮುಚ್ಚಿದ್ದೇವೆ. ಕಿಟಕಿಗೆ ಪೆಟ್ಟಿಗೆ ಒಟ್ಟಿದ್ದು ನಮ್ಮ ಕೈಗಳೇ. ಈ ಭಾನುವಾರ ಪೂಜೆಯ ನಂತರ ಬನ್ನಿ. ನಿಮ್ಮ ಕೋಣೆಯ ಉದ್ದ, ಅಗಲ, ಜನರ ಲೆಕ್ಕ ಚೀಟಿಯಲ್ಲಿ ಬರೆದು ತನ್ನಿ. ಬರೆಯಲು ಬಾರದವರು ಹೆಜ್ಜೆಯಲ್ಲಿ ಅಳೆದು ಬಂದು ಹೇಳಿ, ನಾವು ಬರೆಯುತ್ತೇವೆ. ಎಲ್ಲರ ಸಹಿ ಹಾಕಿ ಒಂದೇ ಅರ್ಜಿ ಕೊಡೋಣ. ಒಬ್ಬರು ಕೇಳಿದರೆ ಗೇಟು ತೋರಿಸುತ್ತಾರೆ. ಎಲ್ಲರೂ ಕೇಳಿದರೆ ಮೇಜು ಸರಿಯುತ್ತದೆ.