ಘಟ್ಟವೆಂಬ ಮೆಟ್ಟಿಲು

ಭಾರತದ ಪರ್ವತಶ್ರೇಣಿಗಳನ್ನು ಹೆಸರಿಸೆಂದರೆ ನಮ್ಮ ವಿದ್ಯಾರ್ಥಿಗಳು ತಡವರಿಸುವುದಿಲ್ಲ. ಹಿಮಾಲಯ, ವಿಂಧ್ಯ, ಸಾತ್ಪುರ, ಅರಾವಳಿ, ಪೂರ್ವಘಟ್ಟ, ಪಶ್ಚಿಮಘಟ್ಟ ಎಲ್ಲವೂ ಅವರಿಗೆ ಕಂಠಪಾಠ. ಆದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ವಿದ್ಯಾರ್ಥಿಯೊಬ್ಬನನ್ನು ‘ನಿನ್ನ ಮನೆಯ ಹಿಂದಿನ ಗುಡ್ಡ ಹೇಗೆ ಉಂಟಾಯಿತು?’ ಎಂದು ಕೇಳಿದರೆ ಉತ್ತರ ದೊರೆಯುವುದು ಅಪರೂಪ. ಈ ಅಜ್ಞಾನದಿಂದಾಗುವ ನಷ್ಟವು ಪರೀಕ್ಷೆಯ ಅಂಕಗಳ ನಷ್ಟಕ್ಕಿಂತ ದೊಡ್ಡದೆಂದು ನಮ್ಮ ಅಭಿಪ್ರಾಯ.

ಕಾರ್ಕಳದಿಂದ ಶೃಂಗೇರಿಗೆ ಬರುವ ದಾರಿಯನ್ನು ನೆನೆಯಿರಿ. ಬೆಟ್ಟವನ್ನು ಹತ್ತಿದ ಮೇಲೆ ಆಚೆಯ ಬದಿಗೆ ಅಷ್ಟೇ ಇಳಿಯಬೇಕಲ್ಲವೆ? ಇಲ್ಲಿ ಹಾಗಿಲ್ಲ. ಈ ಮೂರು ಊರುಗಳೂ ಸಮುದ್ರಮಟ್ಟದಿಂದ 600 ಮೀಟರಿಗೂ ಮಿಕ್ಕಿ ಎತ್ತರದಲ್ಲಿವೆ. ಹೊಳೆಗೆ ಇಳಿಯುವ ಸೋಪಾನವನ್ನು ಸ್ನಾನಘಟ್ಟವೆನ್ನುತ್ತೇವೆ. ಸಹ್ಯಾದ್ರಿಯೂ ಅಂಥದೇ ಒಂದು ಮೆಟ್ಟಿಲು. ಹಿಮಾಲಯವು ಸುಮಾರು 5 ಕೋಟಿ ವರ್ಷಗಳ ಹಿಂದೆ ಎರಡು ಭೂಫಲಕಗಳು ಡಿಕ್ಕಿಹೊಡೆಯತೊಡಗಿದಾಗ ಮಡಿಕೆಗಟ್ಟಿ ಮೇಲೆದ್ದುದು. ಸಹ್ಯಾದ್ರಿಯಾದರೋ ಪ್ರಸ್ಥಭೂಮಿಯ ಅಂಚು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟುದಕ್ಕೂ ಈ ಅಂಚಿಗೂ ಸಂಬಂಧವುಂಟೆಂದು ಭೂವಿಜ್ಞಾನಿಗಳು ಹೇಳುತ್ತಾರೆ.

ಈ ಅಂಚೇ ನಮ್ಮ ಬಾಳನ್ನು ರೂಪಿಸಿದೆ. ಗಂಗಾಮೂಲದಲ್ಲಿ ಹುಟ್ಟುವ ತುಂಗೆಗೆ ಅರಬ್ಬೀ ಸಮುದ್ರವು ನೇರ ರೇಖೆಯಲ್ಲಿ 50 ಕಿಲೋಮೀಟರಿನೊಳಗೇ ಇದೆ. ಆದರೂ ನೆಲ ಪೂರ್ವಕ್ಕೆ ಬಾಗಿರುವುದರಿಂದ ಅವಳು ಶೃಂಗೇರಿಯನ್ನು ಬಳಸಿ, ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ಕೃಷ್ಣೆಯೊಡನೆ ಬಂಗಾಳಕೊಲ್ಲಿಗೆ ಹೋಗುತ್ತಾಳೆ. ಮುಂಗಾರಿನ ಗಾಳಿ ಈ ಮೆಟ್ಟಿಲನ್ನೇರುವಾಗ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ. ಹಿಗ್ಗಿದ ಗಾಳಿ ತಣ್ಣಗಾಗಿ ಅದರಲ್ಲಿನ ಆವಿಯು ಮಳೆಯಾಗುತ್ತದೆ. ಆದುದರಿಂದಲೇ ಅಂಚಿನ ಬಳಿಯ ಶೃಂಗೇರಿಗೆ ಮಳೆ ಹೆಚ್ಚು, ಕೊಪ್ಪಕ್ಕೆ ಅದಕ್ಕಿಂತ ಕಡಿಮೆ, ಒಳನಾಡಿನ ನರಸಿಂಹರಾಜಪುರಕ್ಕೆ ಇನ್ನೂ ಕಡಿಮೆ.

ಇಂಥ ಮಳೆಯ ನಾಡಿನಲ್ಲಿ ನಾವು ಈಗ ಗುಡ್ಡಗಳನ್ನು ಹೇಗೆ ಕಾಣುತ್ತಿದ್ದೇವೆ? ಮನೆಗೋ ರಸ್ತೆಗೋ ಜಾಗ ಬೇಕೆಂದು ಯಂತ್ರ ತಂದು, ಒಂದೆರಡು ದಿನಗಳಲ್ಲಿ ಧರೆಯನ್ನು ಗೋಡೆಯಂತೆ ನೇರವಾಗಿ ಕಡಿಯುತ್ತಿದ್ದೇವೆ. ಇಳಿಜಾರಿನ ಮಣ್ಣನ್ನು ಅದರ ತೂಕದ ಒಂದಂಶವು ಕೆಳಕ್ಕೆಳೆಯುತ್ತದೆ. ಘರ್ಷಣೆಯೂ ಕಣಗಳ ಅಂಟೂ ತಡೆಯುತ್ತವೆ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದಾಗ ತೂಕ ಹೆಚ್ಚುತ್ತದೆ. ನೀರಿನ ಒತ್ತಡದಿಂದ ಘರ್ಷಣೆ ಕುಗ್ಗುತ್ತದೆ. ಬುಡವನ್ನೂ ಕಡಿದಿದ್ದರೆ ಉಳಿದ ಆಸರೆಯೂ ಇಲ್ಲ. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ನೆರೆಯ ಮೂಡಿಗೆರೆ ತಾಲ್ಲೂಕಿನಲ್ಲಿ, 2024ರಲ್ಲಿ ಶಿರೂರು ಮತ್ತು ವಯನಾಡುಗಳಲ್ಲಿ ಗುಡ್ಡಗಳು ಜರಿದುದನ್ನು ಕಂಡಿದ್ದೇವೆ. ಎಲ್ಲೆಡೆಯೂ ಕಾರಣ ಒಂದೇ ಎನ್ನಲಾಗದು. ಕಾಡಿನ ನಡುವೆ ಯಾರೂ ಮುಟ್ಟದ ಇಳಿಜಾರೂ ಅತಿವೃಷ್ಟಿಗೆ ಜರಿಯಬಹುದು. ಆದರೆ ಕಡಿದ ಧರೆಯ ಅಪಾಯವು ನಮ್ಮ ಕೈಯಾರೆ ತಂದುಕೊಂಡದ್ದು.

ಮಲೆನಾಡಿನಲ್ಲಿ ಸಮತಟ್ಟಾದ ನೆಲ ವಿರಳ. ಜನರಿಗೆ ಮನೆಯೂ ಬೇಕು, ರಸ್ತೆಯೂ ಬೇಕು. ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬಹುದು. ಮೇಲ್ಗಡೆಯ ನೀರು ಧರೆಗಿಳಿಯದಂತೆ ಕಾಲುವೆ ತೋಡಬಹುದು. ಬೇರುಬಿಟ್ಟ ಗಿಡಮರಗಳನ್ನು ಉಳಿಸಬಹುದು. ಇವು ಅಸಾಧ್ಯವಾದ ಕೆಲಸಗಳೇನೂ ಅಲ್ಲ.

ವಿದ್ಯಾರ್ಥಿಗಳು ಮಾಡಬಹುದಾದುದೂ ಉಂಟು. ಒಂದು ಕೋನಮಾಪಕ, ಒಂದು ದಾರ, ದಾರದ ತುದಿಗೆ ಒಂದು ಕಲ್ಲು: ಇಷ್ಟಿದ್ದರೆ ಇಳಿಜಾರಿನ ಕೋನವನ್ನು ಅಳೆಯಬಹುದು. ಪ್ರತಿಯೊಂದು ಶಾಲೆಯೂ ಮಳೆಮಾಪಕವೊಂದನ್ನಿಟ್ಟು, ಆಷಾಢ ಶ್ರಾವಣಗಳಲ್ಲಿ ದಿನದಿನದ ಮಳೆಯನ್ನೂ ಊರಿನ ಧರೆಗಳಲ್ಲಿ ಕಾಣುವ ಬಿರುಕುಗಳನ್ನೂ ಬರೆದಿಡಲಿ. ಬಿರುಕನ್ನು ಮೊದಲು ಕಂಡವನು ಮನೆಯವರನ್ನು ಎಚ್ಚರಿಸಿ ಹೊರಗೆ ಕರೆತರಬಲ್ಲನಾದರೆ, ಅವನು ಭೂಗೋಳವನ್ನು ನಿಜವಾಗಿ ಕಲಿತನೆಂದು ನಾವು ಹೇಳುತ್ತೇವೆ.