ದಸರಾ ರಜೆಯ ಹೋಂವರ್ಕ್ ಬಯಲಲ್ಲಿರಲಿ

ಒಂದನೇ ತರಗತಿಯ ಮಗುವಿಗೆ ‘ಆಟಮ್’ ಚಿತ್ರ ಬರೆಯಲು ಹೇಳಿ ನೋಡಿ. ಬೋಳಾದ ಮರ, ಅದರ ಕೆಳಗೆ ಕೆಂಪು, ಕಿತ್ತಳೆ ಎಲೆಗಳ ರಾಶಿ ಬರೆಯುತ್ತದೆ. ರೈಮ್ಸ್ ವಿಡಿಯೊದಲ್ಲಿ, ಗೋಡೆಯ ಚಾರ್ಟ್‌ನಲ್ಲಿ ಅದು ನೋಡಿರುವುದು ಅದನ್ನೇ. ಆದರೆ ಆಶ್ವಯುಜ, ಕಾರ್ತಿಕದಲ್ಲಿ ಬರುವ ನಮ್ಮ ಶರದೃತು ಹಾಗಿರುವುದಿಲ್ಲ. ನಮ್ಮ ಕಡೆ ಎಲೆ ಉದುರುವ ಮರಗಳಲ್ಲಿ ಹೆಚ್ಚಿನವು ಬೋಳಾಗುವುದು ಡಿಸೆಂಬರ್ ದಾಟಿದ ಮೇಲೆ. ಶರತ್ಕಾಲವೆಂದರೆ ಇಲ್ಲಿ ಮಳೆ ತಗ್ಗಿ, ಕೆರೆ ತುಂಬಿ, ಹುಚ್ಚೆಳ್ಳಿನ ಹೊಲ ಹಳದಿಯಾಗಿ, ರಾಗಿ ತೆನೆ ಕಟ್ಟುವ ಕಾಲ. ಕಿಟಕಿಯಾಚೆ ಇಷ್ಟೆಲ್ಲ ಇರುವಾಗ ಮಗು ಮಾತ್ರ ತಾನು ಕಾಣದ ದೇಶದ ಎಲೆಗೆ ಬಣ್ಣ ತುಂಬುತ್ತಿದೆ.

ದಸರಾ ರಜೆ ಬರುವುದೂ ಸರಿಯಾಗಿ ಈ ಹೊತ್ತಿಗೇ. ಬೇಸಿಗೆ ರಜೆ ಉದ್ದವಾದರೂ ಬಿಸಿಲು ಹೊರಗೆ ಬಿಡುವುದಿಲ್ಲ. ಸಣ್ಣ ಮಕ್ಕಳು ಹುಳು, ಹಕ್ಕಿ, ಗಿಡ, ಮಣ್ಣು ನೋಡಲು ಇದಕ್ಕಿಂತ ಒಳ್ಳೆಯ ಕಾಲ ವರ್ಷದಲ್ಲಿ ಇನ್ನೊಂದಿಲ್ಲ. ಆದರೆ ಆ ರಜೆ ಕಳೆಯುತ್ತಿರುವುದು ಹೇಗೆ? ಪ್ರತಿ ವಿಷಯಕ್ಕೂ ಹತ್ತಾರು ಪುಟ ಕಾಪಿ ರೈಟಿಂಗ್, ಮಗ್ಗಿ, ಅಪ್ಪ ಅಮ್ಮನೇ ಮಾಡಿ ಮುಗಿಸುವ ಪ್ರಾಜೆಕ್ಟ್. ಉಳಿದ ಹೊತ್ತು ಮೊಬೈಲ್. ಹಳ್ಳಿಗಳಲ್ಲೂ ಈಗ ಟ್ಯೂಷನ್ ಇದೆ, ಮೊಬೈಲ್ ಇದೆ. ಐದನೇ ತರಗತಿವರೆಗಿನ ಮಕ್ಕಳಿಗೆ ದಸರಾ ರಜೆಯಲ್ಲಿ ಬರೆಯುವ ಹೋಂವರ್ಕ್ ಕೊಡಲೇಬಾರದು. ಕೊಡುವುದಾದರೆ ಒಂದೇ ಕೊಡಲಿ: ದಿನಕ್ಕೊಂದು ಗಂಟೆ ಹೊರಗೆ ಹೋಗಿ ಕಂಡದ್ದನ್ನು ಮನೆಯಲ್ಲಿ ಬಂದು ಹೇಳುವುದು.

ನೋಡಲು ಏನಿದೆ ಎನ್ನುವವರಿಗೆ ರಸ್ತೆ ಬದಿಯ ಒಂದು ಎಕ್ಕದ ಗಿಡ ಸಾಕು. ಅದರ ಎಲೆಯಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಸಿಗುತ್ತದೆ. ದಿನವೂ ಹೋಗಿ ನೋಡಿದರೆ ಆ ಹುಳು ಕೋಶ ಕಟ್ಟುವುದನ್ನೂ, ಅದೃಷ್ಟವಿದ್ದರೆ ರಜೆ ಮುಗಿಯುವುದರೊಳಗೆ ಚಿಟ್ಟೆಯಾಗಿ ಹೊರಬರುವುದನ್ನೂ ಕಾಣಬಹುದು. ಮಾವಿನ ಮರದಲ್ಲಿ ಚಗಳಿ ಇರುವೆಗಳು ಎಲೆಗೆ ಎಲೆ ಹೊಲಿದು ಗೂಡು ಕಟ್ಟಿರುತ್ತವೆ. ಅವುಗಳಿಗೆ ದಾರ ಎಲ್ಲಿಂದ ಬಂತು ಎಂದು ಮಗು ಕೇಳದೆ ಇರದು. ತಮ್ಮ ಮರಿಹುಳುಗಳನ್ನೇ ಬಾಯಲ್ಲಿ ಹಿಡಿದು, ಅವು ಬಿಡುವ ರೇಷ್ಮೆಯಂಥ ಎಳೆಯಿಂದ ಹೊಲಿಯುತ್ತವೆ ಎಂಬ ಉತ್ತರ ಯಾವ ಕಾರ್ಟೂನಿಗೂ ಕಡಿಮೆಯಿಲ್ಲ.

ಇನ್ನು ಏರೋಪ್ಲೇನ್ ಚಿಟ್ಟೆ. ಮಳೆ ನಿಂತ ಬಯಲಿನಲ್ಲಿ ಗುಂಪುಗುಂಪಾಗಿ ಹಾರುವ ಇವುಗಳಲ್ಲಿ ಎರಡು ಇಂಚೂ ಇಲ್ಲದ ಒಂದು ಜಾತಿ ಸಮುದ್ರ ದಾಟುತ್ತದೆ. ಮಾಲ್ಡೀವ್ಸ್‌ನಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ಅವರಿಗೆ ಪ್ರತಿ ಅಕ್ಟೋಬರ್‌ನಲ್ಲಿ ಇವು ರಾಶಿರಾಶಿ ಬಂದಿಳಿಯುವುದು ಕಂಡಿತು. ಮೊಟ್ಟೆಯಿಡಲು ಸಿಹಿನೀರೇ ಅಪರೂಪವಾದ ದ್ವೀಪಕ್ಕೆ ಇವೇಕೆ ಬರುತ್ತವೆ ಎಂಬ ಪ್ರಶ್ನೆ ಹಿಡಿದು ಅವರು ವರ್ಷಗಟ್ಟಲೆ ದಿನಾಂಕ ಬರೆದಿಟ್ಟರು. ಇವು ಭಾರತದ ಕಡೆಯಿಂದ ಗಾಳಿಯ ಜೊತೆ ಹೊರಟು, ದ್ವೀಪಗಳ ಮೇಲೆ ಹಾದು ಪೂರ್ವ ಆಫ್ರಿಕಾ ಸೇರುತ್ತವೆ ಎಂದು 2009ರಲ್ಲಿ ಪ್ರಕಟಿಸಿದರು. ಆ ಸಂಶೋಧನೆ ಶುರುವಾದದ್ದು ಯಾವುದೋ ದೊಡ್ಡ ಯಂತ್ರದಿಂದಲ್ಲ. ಎಲ್ಲರೂ ನೋಡಿ ಸುಮ್ಮನಾಗುವುದನ್ನು ಒಬ್ಬರು ಗಮನವಿಟ್ಟು ನೋಡಿದ್ದರಿಂದ.

ಈ ಗಮನದ ಬೆಲೆ ಎಂಜಿನಿಯರಿಂಗ್ ಲ್ಯಾಬಿನಲ್ಲಿ ನಿಂತಾಗ ಚೆನ್ನಾಗಿ ಅರ್ಥವಾಗುತ್ತದೆ. ಅಬ್ಸರ್ವೇಷನ್ ಬುಕ್ ಎಂದು ಹೆಸರಿದ್ದರೂ ಅದರಲ್ಲಿ ಅಬ್ಸರ್ವೇಷನ್ ಇರುವುದು ಕಡಿಮೆ. ಸೀನಿಯರ್ ರೆಕಾರ್ಡಿನಿಂದ ರೀಡಿಂಗ್ ಇಳಿಸುವುದು, ಗ್ರಾಫ್ ಹೇಗೆ ಬರಬೇಕೋ ಹಾಗೆ ಅಂಕಿ ಹೊಂದಿಸುವುದು ಬಹುತೇಕ ಎಲ್ಲ ಕಾಲೇಜುಗಳ ಕತೆ. ಕಣ್ಣೆದುರು ಆದದ್ದನ್ನು ಆದ ಹಾಗೆ ಬರೆಯುವ ಧೈರ್ಯ ಇಪ್ಪತ್ತನೇ ವಯಸ್ಸಿನಲ್ಲಿ ಒಮ್ಮೆಲೇ ಬರುವುದಿಲ್ಲ. ಆರನೇ ವಯಸ್ಸಿನಲ್ಲಿ ‘ಈ ಎಲೆಯಲ್ಲಿ ನಿನ್ನೆ ಮೂರು ಹುಳು ಇದ್ದವು, ಇವತ್ತು ಎರಡೇ ಇವೆ’ ಎಂದ ಮಗುವಿಗೆ ಅದು ಆಗಲೇ ಬಂದಿರುತ್ತದೆ. ಇಂಟರ್‌ವ್ಯೂಗೆ ಹೋದಾಗ ‘ಪ್ರಾಬ್ಲಮ್ ಸಾಲ್ವಿಂಗ್’ ಎಂದು ಕೇಳುತ್ತಾರಲ್ಲ, ಅದರ ಮೊದಲ ಪಾಠವೂ ಇದೇ.

ಕಣ್ಣಿಗೂ ಲಾಭವಿದೆ. ಚೀನಾದ ಗುವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಒಂದನೇ ತರಗತಿಯ ಮಕ್ಕಳ ಮೇಲೆ ನಡೆದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧದಷ್ಟು ಶಾಲೆಗಳ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಬಿಟ್ಟರು. ಮೂರು ವರ್ಷಗಳಲ್ಲಿ ಅವರಲ್ಲಿ ಸಮೀಪದೃಷ್ಟಿ ದೋಷ ಕಾಣಿಸಿಕೊಂಡದ್ದು ಶೇ 30ರಷ್ಟು ಮಕ್ಕಳಿಗೆ. ಉಳಿದ ಶಾಲೆಗಳಲ್ಲಿ ಅದು ಶೇ 40ರ ಹತ್ತಿರವಿತ್ತು. ಕನ್ನಡಕಕ್ಕೆ, ಟ್ಯೂಷನ್ನಿಗೆ ಹಣ ಹೊಂದಿಸುವ ನಾವು ಬಿಟ್ಟಿ ಸಿಗುವ ಬೆಳಕನ್ನು ಮಾತ್ರ ಮಕ್ಕಳಿಗೆ ಕೊಡುತ್ತಿಲ್ಲ.

ಹೆತ್ತವರ ಭಯ ಸುಳ್ಳಲ್ಲ. ಪೊದೆಯಲ್ಲಿ ಹಾವಿರಬಹುದು, ಮಳೆಗಾಲದ ಬೆನ್ನಿಗೇ ಡೆಂಗಿ ಇರುತ್ತದೆ, ಹತ್ತಿ, ತೊಗರಿ ಹೊಲಗಳಿಗೆ ಔಷಧಿ ಹೊಡೆದಿರುತ್ತಾರೆ. ಹಾಗೆಂದು ಬಾಗಿಲು ಹಾಕುವುದು ಪರಿಹಾರವಲ್ಲ. ತುಂಬು ತೋಳಿನ ಅಂಗಿ, ಕಾಲಿಗೆ ಶೂ, ಜೊತೆಗೊಬ್ಬ ದೊಡ್ಡವರು ಇರಲಿ. ಕಾಣದ ಜಾಗಕ್ಕೆ ಕೈ ಹಾಕಬಾರದು, ಎಕ್ಕದ ಹಾಲು ಕಣ್ಣಿಗೆ ತಾಗಬಾರದು, ಔಷಧಿ ಹೊಡೆದ ಹೊಲಕ್ಕೆ ಇಳಿಯಬಾರದು ಎಂದು ಹೇಳಿಕೊಡುವುದೂ ಪಾಠವೇ. ಇದಕ್ಕೆ ಸಾವಿರಾರು ರೂಪಾಯಿಯ ನೇಚರ್ ಕ್ಯಾಂಪ್ ಬೇಕಿಲ್ಲ. ಕೆರೆ ಏರಿ, ಬಡಾವಣೆಯ ಪಾರ್ಕ್, ಖಾಲಿ ಸೈಟ್, ಅಜ್ಜಿಯ ಮನೆಯ ಹಿತ್ತಲು ಸಾಕು.

ಶಿಕ್ಷಕರಿಗೂ ದಾರಿಗಳಿವೆ. ನಮ್ಮ ರಾಜ್ಯದಲ್ಲಿ ಬ್ಯಾಗ್ ಇಲ್ಲದ ‘ಸಂಭ್ರಮ ಶನಿವಾರ’ ಎಂಬ ಪರಿಕಲ್ಪನೆ ಇದೆ. ಆ ದಿನವಾದರೂ ಮಕ್ಕಳು ಕಾಂಪೌಂಡ್ ದಾಟಲಿ. ‘ಸೀಸನ್‌ವಾಚ್’ ಎಂಬ ಯೋಜನೆಯಲ್ಲಿ ಶಾಲಾ ಮಕ್ಕಳು ಒಂದು ಮರವನ್ನು ಆರಿಸಿಕೊಂಡು ಅದರ ಚಿಗುರು, ಹೂವು, ಕಾಯಿಯನ್ನು ವಾರವಾರ ಬರೆದಿಡುತ್ತಾರೆ. ಶಾಲೆಯ ಮುಂದಿನ ಹೊಂಗೆ ಮರವೇ ಪ್ರಯೋಗಾಲಯವಾಗಲು ಅಷ್ಟು ಸಾಕು.

ಆದರೆ ಈ ಕೆಲಸವನ್ನು ಶಾಲೆಗೇ ಬಿಟ್ಟು ನಾವು ಕೈ ಕಟ್ಟಿ ಕೂರುವಂತಿಲ್ಲ. ಹಾಸ್ಟೆಲಿನಿಂದ ಹಬ್ಬಕ್ಕೆ ಊರಿಗೆ ಹೋಗುವವರು ನಾವು. ಕೆಎಎಸ್, ಬ್ಯಾಂಕ್ ಪರೀಕ್ಷೆಗೆ ಓದುತ್ತ ಮನೆಯಲ್ಲಿರುವವರೂ ನಾವೇ. ತೇಜಸ್ವಿಯವರ ಸಾಲನ್ನು ಸ್ಟೇಟಸ್ ಹಾಕುವ ನಮಗೆ ಅಕ್ಕನ ಮಗನನ್ನೋ ಪಕ್ಕದ ಮನೆಯ ಪುಟ್ಟಿಯನ್ನೋ ಕೆರೆ ಏರಿಯವರೆಗೆ ಕರೆದೊಯ್ಯಲು ಒಂದು ಗಂಟೆ ಸಿಗದೇ? ಮೊಬೈಲ್ ಜೇಬಿನಲ್ಲೇ ಇರಲಿ. ಮಗು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನೋಣ, ನಾಳೆ ಮತ್ತೆ ಬಂದು ನೋಡೋಣ ಎನ್ನೋಣ. ಆಯುಧಪೂಜೆಯಂದು ಪುಸ್ತಕ, ಪೆನ್ನು, ಲ್ಯಾಪ್‌ಟಾಪ್‌ಗೆ ಹೂವು ಏರಿಸುವ ಮುನ್ನ, ಆ ಹೂವು ಬಿಟ್ಟ ಗಿಡವನ್ನು ಮಗುವಿಗೆ ತೋರಿಸಿ ಬರೋಣ.